ಘಾರಾಪುರಿಯಲ್ಲಿ ಒಂದು ಹಗಲು



ಪ್ರವಚನದ ನಿಮಿತ್ತ ನಾವು ಮುಂಬಯಿಯ ಭಕ್ತರೊಬ್ಬರ ಮನೆಯಲ್ಲಿ ಕೆಲವು ದಿನ ಬಿಡಾರ ಮಾಡಿದ್ದೆವು. ಒಂದು ಶನಿವಾರ ಮನೆಯವರೆಲ್ಲ ಕೂಡಿ ನಮ್ಮನ್ನು ಘಾರಾಪುರಿ ದ್ವೀಪಕ್ಕೆ ಕರೆದೊಯ್ದರು. ಲೋಕಕ್ಕೆ ಅದು ಎಲಿಫೆಂಟಾ ಎಂದೇ ಪರಿಚಿತ. ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಿಂದ ದೋಣಿಯಲ್ಲಿ ಸುಮಾರು ಒಂದು ತಾಸಿನ ಪಯಣ. ಸೋಮವಾರ ಗುಹೆಗಳಿಗೆ ರಜೆ. ಹೋಗಬಯಸುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳಿತು. ದೋಣಿಯಲ್ಲಿ ನಮಗೆಲ್ಲ ಲೈಫ್ ಜಾಕೆಟ್ ತೊಡಿಸಿದರು. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದೋಣಿ ಅಪ್ಪಳಿಸಿ ಹಲವರು ಜೀವ ಕಳೆದುಕೊಂಡ ನೆನಪು ಎಲ್ಲರಲ್ಲಿಯೂ ಇತ್ತು. ಮನೆಯ ಹಿರಿಯ ತಾಯಿಯವರು ದಡ ಮುಟ್ಟುವವರೆಗೆ ತುಟಿ ಬಿಚ್ಚಲಿಲ್ಲ.

ನಾವು ಇಳಿದಾಗ ಸಮುದ್ರ ಇಳಿತದಲ್ಲಿತ್ತು. ದಡದುದ್ದಕ್ಕೂ ಕಪ್ಪು ಕೆಸರು, ಕೆಸರಿನಲ್ಲಿ ಕಾಂಡ್ಲಾ ಗಿಡಗಳು, ಅವುಗಳ ಸುತ್ತ ನೆಲದಿಂದ ಮೇಲೆದ್ದ ಗೂಟಗಳಂತಹ ಬೇರುಗಳು. ಕೆಸರಿನೊಳಗೆ ಗಾಳಿಯಾಡದು, ಆದುದರಿಂದ ಬೇರುಗಳೇ ಮೇಲೆ ಬಂದು ಉಸಿರಾಡುತ್ತವೆ. ಅವುಗಳ ನಡುವೆ ಬೆಳ್ಳಕ್ಕಿಗಳು ತದೇಕಚಿತ್ತದಿಂದ ನಿಂತಿದ್ದವು. ತಿರುಗಿ ನೋಡಿದರೆ ಬಂದರಿನ ದೈತ್ಯ ಕ್ರೇನುಗಳು. ಇಂತಹ ಮಹಾನಗರದ ಮಗ್ಗುಲಲ್ಲಿದ್ದೂ ಈ ದ್ವೀಪದ ಮೂರು ಪುಟ್ಟ ಹಳ್ಳಿಗಳಿಗೆ ಕಾಯಂ ವಿದ್ಯುತ್ತು ದೊರೆತುದು 2018ರಲ್ಲಿ, ಕಡಲ ತಳದಲ್ಲಿ ಹಾಸಿದ ತಂತಿಯ ಮೂಲಕ! ಎದುರಿನ ದಡದ ಝಗಝಗಿಸುವ ದೀಪಗಳನ್ನು ಅಷ್ಟು ವರ್ಷ ಕತ್ತಲಲ್ಲಿ ಕುಳಿತು ನೋಡಿದ ಜನರವರು.

ಕಟ್ಟೆಯಿಂದ ಬೆಟ್ಟದ ಬುಡದವರೆಗೆ ಮಕ್ಕಳ ರೈಲಿನಂತಹ ಗಾಡಿಯುಂಟು. ಮುಂದೆ ನೂರಿಪ್ಪತ್ತರಷ್ಟು ಮೆಟ್ಟಿಲು, ಇಕ್ಕೆಲದಲ್ಲಿ ಅಂಗಡಿಗಳ ಸಾಲು. ಕೈಯಲ್ಲಿ ತಿಂಡಿ ಹಿಡಿದವರನ್ನು ಕೋತಿಗಳು ಬಿಡುವುದಿಲ್ಲ. ನಮ್ಮ ಚಕ್ಕುಲಿಯ ಪೊಟ್ಟಣವೂ ಅಲ್ಲಿಯೇ ಸಮರ್ಪಣೆಯಾಯಿತು.

ಮೊದಲನೆಯ ಗುಹೆಯೇ ಮಹಾಗುಹೆ. ಕ್ರಿ.ಶ. ಆರನೆಯ ಶತಮಾನದ ಮಧ್ಯಭಾಗದ್ದೆಂದು ವಿದ್ವಾಂಸರ ಮತ. ಹಾಗಾದರೆ 578ರಲ್ಲಿ ಪೂರ್ಣಗೊಂಡ ನಮ್ಮ ಬಾದಾಮಿಯ ಮೂರನೆಯ ಗುಹೆಗೆ ಇದು ಕೊಂಚ ಹಿರಿಯದು. ಬಾದಾಮಿಯ ಕಲ್ಲು ಉಳಿಗೆ ಒಲಿಯುವ ಮರಳುಕಲ್ಲು. ಇಲ್ಲಿಯದು ಕೋಟ್ಯಂತರ ವರ್ಷಗಳ ಹಿಂದೆ ಉಕ್ಕಿದ ಲಾವಾರಸ ಹೆಪ್ಪುಗಟ್ಟಿದ ಕಗ್ಗಲ್ಲು. ಅದನ್ನು ಕೊರೆದು, ಕಂಬಗಳನ್ನು ಉಳಿಸಿಕೊಂಡು, ಉಳಿದುದನ್ನು ಹೊರಹಾಕಿದ್ದಾರೆ. ಹೊರಗಿನಿಂದ ಕಲ್ಲು ತಂದು ಕಟ್ಟುವವನು ಒಂದು ಕಲ್ಲು ಕೆಟ್ಟರೆ ಮತ್ತೊಂದನ್ನು ತಂದಾನು. ಬೆಟ್ಟವನ್ನೇ ಕೊರೆಯುವವನಿಗೆ ಆ ಅನುಕೂಲವಿಲ್ಲ. ಐಹೊಳೆಯ 634ರ ಶಾಸನದಲ್ಲಿ ಇಮ್ಮಡಿ ಪುಲಕೇಶಿಯು ಹಡಗುಗಳ ಬಲದಿಂದ ಮುತ್ತಿದನೆಂದು ರವಿಕೀರ್ತಿ ಹೇಳುವ ‘ಪುರಿ’ ಈ ದ್ವೀಪವೇ ಎಂದು ಕೆಲವರು, ಅಲ್ಲವೆಂದು ಕೆಲವರು. ನಾವಂತೂ ಅದೇ ಇರಲಿ ಎಂದು ಆಸೆಪಟ್ಟೆವು, ಆಸೆಯು ಪ್ರಮಾಣವಲ್ಲ.

ಉತ್ತರದ ಬಾಗಿಲಿನಿಂದ ಒಳಹೊಕ್ಕರೆ ನೇರ ಎದುರಿಗೆ, ಕಂಬಗಳ ಸಾಲಿನ ಕೊನೆಯಲ್ಲಿ, ಕತ್ತಲಿನಿಂದ ಮೆಲ್ಲಮೆಲ್ಲನೆ ಮೂಡುವುದು ಸದಾಶಿವ. ಸುಮಾರು ಹದಿನೆಂಟು ಅಡಿ ಎತ್ತರ. ಜನ ತ್ರಿಮೂರ್ತಿಯೆನ್ನುವರು, ಬ್ರಹ್ಮ ವಿಷ್ಣುಗಳು ಅಲ್ಲಿಲ್ಲ, ಮೂರೂ ಶಿವನ ಮುಖಗಳೇ. ನಮ್ಮ ಎಡಕ್ಕೆ ಹುಬ್ಬುಗಂಟಿಕ್ಕಿದ ಅಘೋರ, ಬಲಕ್ಕೆ ಕಮಲ ಹಿಡಿದ ಮೃದುವದನ ವಾಮದೇವ, ನಡುವೆ ತನ್ನೊಳಗೇ ಇಳಿದ ತತ್ಪುರುಷ. ನಾವು ಬೆಳಿಗ್ಗೆ ಒಮ್ಮೆ ನೋಡಿದೆವು, ಮಧ್ಯಾಹ್ನ ಮತ್ತೊಮ್ಮೆ. ಹೊರಗಿನ ಬೆಳಕು ಸರಿದಂತೆ ಅಘೋರನ ಉಗ್ರತೆ ತಗ್ಗಿ, ನಡುವಿನ ಮುಖದ ತುಟಿಗಳು ಇನ್ನಷ್ಟು ಸ್ಪಷ್ಟವಾದವು. ಒಂದೇ ಉಸಿರಿನಲ್ಲಿ ಚಿತ್ರ ತೆಗೆದುಕೊಂಡು ಹೊರಡುವವರಿಗೆ ಇದು ದಕ್ಕದು. ಯೋಗೀಶ್ವರನ ಶಿಲ್ಪದ ಮುಂದೆ ನಾವು ಬಹುಹೊತ್ತು ನಿಂತೆವು. ಅದರಲ್ಲಿ ಪಾಶುಪತರ ಲಕುಲೀಶನ ಲಕ್ಷಣವನ್ನು ಕಾಣುವವರುಂಟು. ಬಳ್ಳಿಗಾವೆಯ ಶಾಸನಗಳಲ್ಲಿ ಲಾಕುಳ ಸಿದ್ಧಾಂತದ ಮಾತನ್ನು ಓದಿದವರಿಗೆ ಅಲ್ಲಿ ಪರಿಚಿತರನ್ನು ಕಂಡಂತಾಗುತ್ತದೆ.

ಬಲಕ್ಕೆ, ಗುಹೆಯ ಪಶ್ಚಿಮ ಭಾಗದಲ್ಲಿ, ನಾಲ್ಕು ಬಾಗಿಲುಗಳ ಚೌಕಾಕಾರದ ಗರ್ಭಗುಡಿ. ಸುತ್ತಲೂ ಎತ್ತರದ ದ್ವಾರಪಾಲಕರು, ಒಳಗೆ ಲಿಂಗ. ಮನೆಯ ಸೊಸೆ ತಾವು ತಂದಿದ್ದ ಹೂವನ್ನು ಅಲ್ಲಿರಿಸಿ ಕೈಮುಗಿದರು. ಅತ್ತೆಯವರು ಹೊಸ್ತಿಲಲ್ಲೇ ನಿಂತರು.

“ಅಜ್ಜಾರ, ನನ್ನ ಕೊರಳಾಗ ಲಿಂಗ ಐತಿ. ನಾ ನೋಡಾಕ ಬಂದೀನಿ, ಪೂಜಿ ಮಾಡಾಕ ಬಂದಿಲ್ಲ. ಈಕಿಗೆ ನೀವರೆ ಹೇಳ್ರಿ.”

ಇಬ್ಬರೂ ನಮ್ಮ ಮುಖ ನೋಡಿದರು. ತಾಯಿಯವರು ಅಂದುದು ಶರಣರ ಮಾತೇ. ಇಷ್ಟಲಿಂಗಧಾರಿಗೆ ಬೇರೊಂದರ ಹಂಗಿಲ್ಲ. ಆದರೆ ಸೊಸೆಯಿರಿಸಿದ ಹೂವನ್ನು ಎತ್ತಿ ಹೊರಗೆಸೆಯಿರಿ ಎನ್ನಲು ನಮಗೆ ನಾಲಗೆ ಹೊರಳಲಿಲ್ಲ. “ನಿಮ್ಮ ನಿಷ್ಠೆ ಸರಿ ತಾಯಿ, ಆ ಹೂವು ಅಲ್ಲಿಯೇ ಇರಲಿ” ಎಂದೆವು. ನಮಗೆ ಪಾಠ ಹೇಳಿದ ಗುರುಗಳು ಇದ್ದಿದ್ದರೆ ವಿಷಯವನ್ನು ಇಷ್ಟು ಸಲೀಸಾಗಿ ಬಿಡುತ್ತಿರಲಿಲ್ಲ. ತಾಯಿಯವರೂ ಒಪ್ಪಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ಹತ್ತು ವರುಷದ ಮೊಮ್ಮಗನು ಎಲ್ಲ ಶಿಲ್ಪಗಳನ್ನೂ ಸುತ್ತಿ ಬಂದು, “ಅಜ್ಜಾರ, ನಟರಾಜಂದು ಕೈಕಾಲು ಯಾರು ಮುರದ್ರು?” ಎಂದು ಕೇಳಿದನು. ಪೋರ್ಚುಗೀಸ್ ಸೈನಿಕರು ಗುರಿಯಭ್ಯಾಸಕ್ಕೆ ಇವುಗಳ ಮೇಲೆ ಗುಂಡು ಹಾರಿಸಿದರೆಂಬ ಮಾತಿದೆ, ಅದನ್ನೇ ಹೇಳಿದೆವು. ಹುಡುಗನಿಗೆ ಬಲು ಸಿಟ್ಟು ಬಂದಿತು. ಅರ್ಧ ತಾಸಿನ ಬಳಿಕ ನೋಡಿದರೆ ಅದೇ ಹುಡುಗನು ಕಂಬವೊಂದರ ಮರೆಯಲ್ಲಿ ಹರಳುಗಲ್ಲಿನಿಂದ ತನ್ನ ಹೆಸರಿನ ಮೊದಲಕ್ಷರವನ್ನು ಗೀಚುತ್ತಿದ್ದನು! ಪಕ್ಕದಲ್ಲಿ ಬೇರೆಯವರ ಹೆಸರುಗಳೂ ಇದ್ದುವು, ಅದೇ ಅವನಿಗೆ ಅಪ್ಪಣೆಯಾಗಿ ಕಂಡಿರಬೇಕು. ಅವನ ಮಣಿಕಟ್ಟನ್ನು ಹಿಡಿದವರು ಬೇರಾರೂ ಅಲ್ಲ, ಲಿಂಗಕ್ಕೆ ಕೈಮುಗಿಯಲೊಲ್ಲದ ಆ ಅಜ್ಜಿಯೇ.

“ಇದನ್ನ ಕಡದಾವನ ಕೈ ಎಷ್ಟ್ ನೊಂದಿತ್ತೋ! ಅವ ಎಲ್ಲೆರೆ ತನ್ನ ಹೆಸರು ಬರದಾನೇನು? ಹುಡುಕು ನೋಡೋಣ.”

ಹುಡುಗನು ಅಳುತ್ತ ಒದ್ದೆ ಕರವಸ್ತ್ರದಿಂದ ಉಜ್ಜಿದನು. ಗೆರೆ ಮಸುಕಾಯಿತು, ಪೂರ್ತಿ ಹೋಗಲಿಲ್ಲ. ಕಾವಲುಗಾರನಿಗೆ ನಾವೇ ತಿಳಿಸಿದೆವು. ಅವನ ಬೈಗುಳವನ್ನು ಹಿರಿಯರೆಲ್ಲ ತಲೆತಗ್ಗಿಸಿ ಕೇಳಿದೆವು. ಪ್ರವಚನದಲ್ಲಿ ಪೋರ್ಚುಗೀಸರನ್ನು ಹಳಿದಷ್ಟು ಸುಲಭವಾಗಿರಲಿಲ್ಲ ಅದು.

ಮರಳುವಾಗ ದೋಣಿಯಲ್ಲಿ ಹುಡುಗನು ಬಹುಹೊತ್ತು ಸುಮ್ಮನಿದ್ದು ಕೊನೆಗೆ, “ಆನಿ ಅಂತ ಹೆಸರು, ಆನಿ ಎಲ್ಲಿತ್ತು?” ಎಂದನು. ದ್ವೀಪದ ದಡದಲ್ಲಿ ಬಯಲಿನಲ್ಲಿಯೇ ನಿಂತಿದ್ದ ಕಲ್ಲಾನೆಯನ್ನು ಕಂಡು ಪೋರ್ಚುಗೀಸರು ಆ ಹೆಸರಿಟ್ಟರು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲೆಂದು ಕ್ರೇನಿನಿಂದ ಎತ್ತುವಾಗ ಕೆಳಗೆ ಬಿದ್ದು ಚೂರುಚೂರಾಯಿತು. ಚೂರುಗಳನ್ನು 1914ರಲ್ಲಿ ಮುಂಬಯಿಯಲ್ಲಿಯೇ ಜೋಡಿಸಿ ನಿಲ್ಲಿಸಿದರು.

ಮರುದಿನ ಭಾನುವಾರ ಬೈಕುಲ್ಲಾದ ಜೀಜಾಮಾತಾ ಉದ್ಯಾನಕ್ಕೆ ಹೋದೆವು. ಗಿಡಗಳ ನೆರಳಿನಲ್ಲಿ ಕಲ್ಲಾನೆ ನಿಂತಿದೆ. ಅದರ ಮುಂದೆ ನಿಲ್ಲುವವರು ವಿರಳ. ಅತ್ತೆ ಸೊಸೆಯರು ಕಟ್ಟೆಯ ಮೇಲೆ ಕುಳಿತು ಹಿಂದಿನ ದಿನದ ಹೂವಿನ ವಾದವನ್ನು ಮತ್ತೆ ತೆಗೆದಿದ್ದರು. ಹುಡುಗನು ಆನೆಯ ಮೈಮೇಲಿನ ಬೆಸುಗೆಯ ಗೆರೆಗಳನ್ನು ದೂರದಿಂದಲೇ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಣಿಸತೊಡಗಿದನು. ನಡುವೆ ಲೆಕ್ಕ ತಪ್ಪಿತೆಂದು ಮತ್ತೆ ಹಿಂಗಾಲಿನಿಂದ ಆರಂಭಿಸಿದನು.