ಹಿಮ ಇಲ್ಲದ ಊರಿನವರಿಗೆ ಹಿಮದ ಆಟ ಯಾಕೆ ಬೇಡ?

ನಮ್ಮ ಜಿಲ್ಲೆಯಲ್ಲಿ ಆಕಾಶದಿಂದ ಬೀಳುವ ಮಂಜುಗಡ್ಡೆ ಎಂದರೆ ಆಲಿಕಲ್ಲು ಒಂದೇ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಅದರ ಹೆಸರು ಎತ್ತಿದರೆ ಯಾರ ಮುಖದಲ್ಲೂ ನಗು ಇರುವುದಿಲ್ಲ. ಹಣ್ಣು ಕೊಯ್ಯುವ ಹೊತ್ತಿನಲ್ಲಿ ಹತ್ತು ನಿಮಿಷ ಬಿದ್ದರೂ ವರ್ಷದ ದುಡಿಮೆ ಮಣ್ಣಾಗುತ್ತದೆ. ಇಂಥ ಕಡೆ ಕುಳಿತು ಸ್ಕೀಯಿಂಗ್ ಬಗ್ಗೆ ಬರೆಯುತ್ತೇನೆ ಎಂದಾಗ ನನ್ನ ಬೆಂಚಿನ ಗೆಳತಿಯರು ನಕ್ಕರು. ನಗಲಿ. ನನ್ನ ಅಭಿಪ್ರಾಯ ಇಷ್ಟು: ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಇಬ್ಬರಾದರೂ ಹಿಮಾಲಯದ ಚಳಿಗಾಲದ ಕ್ರೀಡಾ ತರಬೇತಿಗೆ ಹೋಗಬೇಕು, ಆ ಇಬ್ಬರಲ್ಲಿ ಒಬ್ಬಳು ಹುಡುಗಿಯಾಗಿರಬೇಕು.

ಸ್ಕೀಯಿಂಗ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಮೊಬೈಲ್‌ನಲ್ಲಿ ನೋಡಿದ ರೀಲ್ಸ್. ಕಪ್ಪು ಕನ್ನಡಕ, ದುಬಾರಿ ಜಾಕೆಟ್, ಹಿಂದೆ ಹಿಂದಿ ಹಾಡು. ಗುಲ್ಮಾರ್ಗದಲ್ಲಿ ಅದೂ ಇದೆ. ಶ್ರೀನಗರದಿಂದ ಸುಮಾರು 50 ಕಿ.ಮೀ. ದೂರದ ಈ ಊರು ಸಮುದ್ರ ಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ವಿಜಯಪುರ 600 ಮೀಟರ್ ಆಸುಪಾಸು. ಅಲ್ಲಿಂದ ಗೊಂಡೋಲಾ ಎಂಬ ಕೇಬಲ್ ಕಾರು ಮೊದಲು ಕೊಂಗ್ಡೂರಿಗೆ, ಆಮೇಲೆ ಅಫರ್ವಾಟ್ ಬೆಟ್ಟದ ಹೆಗಲಿಗೆ ಏರಿಸುತ್ತದೆ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಅಲ್ಲಿ ಸೀಸನ್. ಪ್ರವಾಸಿಗರು ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಆದರೆ ಅದೇ ಬೆಟ್ಟದಲ್ಲಿ ಬೇರೆ ಥರದ ಜನರೂ ಇರುತ್ತಾರೆ. ಅವರ ಬಗ್ಗೆ ಯಾರೂ ರೀಲ್ಸ್ ಮಾಡುವುದಿಲ್ಲ.

ಸ್ಕೀಯಿಂಗ್‌ನಲ್ಲಿ ಹಲವು ಬಗೆಗಳಿವೆ. ಇಳಿಜಾರಿನಲ್ಲಿ ವೇಗವಾಗಿ ಇಳಿಯುವುದು ಆಲ್ಪೈನ್. ಹಿಮದ ಬಯಲಿನಲ್ಲಿ ಏರುತ್ತ ಇಳಿಯುತ್ತ ಕಿಲೋಮೀಟರ್‌ಗಟ್ಟಲೆ ತಳ್ಳಿಕೊಂಡು ಹೋಗುವುದು ಕ್ರಾಸ್ ಕಂಟ್ರಿ, ಅದನ್ನು ನಾರ್ಡಿಕ್ ಎಂದೂ ಕರೆಯುತ್ತಾರೆ. ಮೂರನೆಯದು ಟೂರಿಂಗ್. ಅದರಲ್ಲಿ ಸ್ಕೀ ಹಲಗೆಯ ತಳಕ್ಕೆ ತುಪ್ಪಳದಂಥ ಪಟ್ಟಿ ಅಂಟಿಸುತ್ತಾರೆ. ಅದರ ಕೂದಲು ಹಿಂದಕ್ಕೆ ಬಾಗಿರುವುದರಿಂದ ಹಲಗೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಬೂಟಿನ ಹಿಮ್ಮಡಿ ಬಿಡಿಯಾಗಿರುತ್ತದೆ. ಹೀಗೆ ನಾಲ್ಕೈದು ತಾಸು ಬೆಟ್ಟ ಹತ್ತಿ, ಮೇಲೆ ಪಟ್ಟಿ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡು, ಹಿಮ್ಮಡಿ ಕಟ್ಟಿ, ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತಾರೆ. ನಾಲ್ಕು ತಾಸಿನ ಕಷ್ಟಕ್ಕೆ ಇಪ್ಪತ್ತು ನಿಮಿಷದ ಸುಖ. ಪಿಯುಸಿ ಓದುವ ನಮಗೆ ಈ ಲೆಕ್ಕ ಹೊಸದೇನಲ್ಲ.

ಕ್ರಾಸ್ ಕಂಟ್ರಿಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಬೇಕಾದದ್ದು ದಮ್ಮು, ಕಾಲು, ತೋಳು, ಬೆನ್ನು. ವಿಜಯಪುರದ ರಸ್ತೆಗಳಲ್ಲಿ ಬೆಳಗಿನ ಜಾವ ಎದ್ದು ನೋಡಿದವರಿಗೆ ಇದು ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಗಿರಬೇಕು. ನಮ್ಮದು ಸೈಕ್ಲಿಂಗ್ ಜಿಲ್ಲೆ. ಎಷ್ಟೋ ವರ್ಷಗಳಿಂದ ಇಲ್ಲಿಯ ಮತ್ತು ಪಕ್ಕದ ಬಾಗಲಕೋಟೆಯ ಹಳ್ಳಿ, ತಾಂಡಾಗಳ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ವೆಲೋಡ್ರೋಮ್ ಇಲ್ಲದ ಕಾಲದಲ್ಲೂ ತಂದರು, ಡಾಂಬರು ರಸ್ತೆಯ ಮೇಲೆ ಲಾರಿಗಳ ನಡುವೆ ತುಳಿದು ತಂದರು. ಉಸಿರು ಕಟ್ಟಿ ದೂರ ಹೋಗುವ ಆಟ ನಮ್ಮ ಮಣ್ಣಿಗೆ ಒಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಿಮ ಎಲ್ಲಿಂದ ತರೋಣ ಎಂದು ಕೇಳಬಹುದು. ಹಿಮದ ದೇಶದವರೇ ಬೇಸಿಗೆಯಲ್ಲಿ ಹಿಮ ಇಲ್ಲದೆ ಅಭ್ಯಾಸ ಮಾಡುತ್ತಾರೆ. ಚಿಕ್ಕ ಹಲಗೆಗೆ ಮುಂದೊಂದು ಹಿಂದೊಂದು ಗಾಲಿ ಇರುವ ರೋಲರ್ ಸ್ಕೀ ಎಂಬ ಸಾಧನವಿದೆ. ಕೈಯಲ್ಲಿ ಎರಡು ಕೋಲು ಹಿಡಿದು ಡಾಂಬರಿನ ಮೇಲೆ ತಳ್ಳಿಕೊಂಡು ಹೋಗುವುದು. ನಾರ್ವೆ, ಸ್ವೀಡನ್‌ನ ಆಟಗಾರರು ವರ್ಷದ ಅರ್ಧ ಭಾಗ ಇದರ ಮೇಲೆಯೇ ಇರುತ್ತಾರೆ. ಅವರ ಪಾಲಿಗೆ ಸೀಸನ್ ಎಂದರೆ ಡಿಸೆಂಬರ್‌ನಲ್ಲಿ ಶುರುವಾಗುವುದಲ್ಲ, ಮೇ ತಿಂಗಳಲ್ಲೇ ಶುರು. ಇದಕ್ಕೆ ತಿಕೋಟಾ ಹೆದ್ದಾರಿ ಆಗದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ರೋಲರ್ ಸ್ಕೀಗೆ ಬ್ರೇಕ್ ಇರುವುದಿಲ್ಲ, ನಮ್ಮ ಟ್ರ್ಯಾಕ್ಟರ್‌ಗಳಿಗೂ ಕೆಲವೊಮ್ಮೆ ಇರುವುದಿಲ್ಲ.

ಹಿಮ ಕಾಣದ ಊರಿನವರು ಹಿಮದಲ್ಲಿ ಗೆಲ್ಲುವುದು ಕಥೆಯೇ? ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರನ್ನು ನೋಡಿ. ಕೊಡಗಿನಲ್ಲಿ ಕಾಫಿ ಇದೆ, ಮಳೆ ಇದೆ, ಹಿಮ ಇಲ್ಲ. ಅವರು 2024ರಲ್ಲಿ ಗುಲ್ಮಾರ್ಗದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕದ ಪರವಾಗಿ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದರು. ಕಾಶ್ಮೀರ, ಹಿಮಾಚಲ, ಲಡಾಖಿನ ಹುಡುಗಿಯರು ಹುಟ್ಟಿದಂದಿನಿಂದ ಹಿಮ ಕಂಡವರು, ಅವರ ನಡುವೆ. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿ.ಮೀ. ವಿಭಾಗದಲ್ಲಿ ಕಂಚು ಪಡೆದರು. ನಮ್ಮ ರಾಜ್ಯದ ಎಷ್ಟು ಕಾಲೇಜುಗಳ ಗೋಡೆಯ ಮೇಲೆ ಅವರ ಚಿತ್ರವಿದೆ? ಕ್ರಿಕೆಟಿಗರ ಚಿತ್ರ ಮಾತ್ರ ಎಲ್ಲ ಕಡೆ ಇದೆ.

ಇನ್ನೊಬ್ಬರು ಕೆನ್ಯಾದ ಫಿಲಿಪ್ ಬೋಯಿಟ್. ಅವರು ಓಟಗಾರ. 1996ರಲ್ಲಿ ಫಿನ್ಲೆಂಡ್‌ಗೆ ಹೋದಾಗಲೇ ಮೊದಲ ಬಾರಿ ಹಿಮ ಕಂಡದ್ದು. ಎರಡು ವರ್ಷ ಬಿಟ್ಟು ಜಪಾನಿನ ನಾಗಾನೊ ಒಲಿಂಪಿಕ್ಸ್‌ನಲ್ಲಿ 10 ಕಿ.ಮೀ. ಸ್ಪರ್ಧೆಗೆ ಇಳಿದರು, ಕೊನೆಯವರಾಗಿ ಮುಗಿಸಿದರು. ಚಿನ್ನ ಗೆದ್ದ ನಾರ್ವೆಯ ಬ್ಯೋರ್ನ್ ಡೇಲಿ ಸುಮಾರು ಇಪ್ಪತ್ತು ನಿಮಿಷ ಕಾದು ನಿಂತು ಅವರನ್ನು ಅಪ್ಪಿಕೊಂಡರು. ಬೋಯಿಟ್ ತಮ್ಮ ಮಗನಿಗೆ ಡೇಲಿಯ ಹೆಸರನ್ನೇ ಇಟ್ಟರು. ಕೊನೆಯ ಸ್ಥಾನವನ್ನು ನಮ್ಮಲ್ಲಿ ಯಾರೂ ಹೀಗೆ ನೋಡುವುದಿಲ್ಲ, ರ್‍ಯಾಂಕ್ ಪಟ್ಟಿ ಅಂಟಿಸಿದ ದಿನ ನೋಟಿಸ್ ಬೋರ್ಡಿನ ಮುಂದೆ ನಿಂತರೆ ಗೊತ್ತಾಗುತ್ತದೆ.

ಹಾಗಾದರೆ ನಮ್ಮನ್ನು ತಡೆದಿರುವುದು ಏನು? ನನ್ನ ಪ್ರಕಾರ ಮೊದಲನೆಯದು ಕ್ಯಾಲೆಂಡರ್. 2025ರ ಖೇಲೋ ಇಂಡಿಯಾ ಕೂಟವನ್ನು ಗುಲ್ಮಾರ್ಗದಲ್ಲಿ ಫೆಬ್ರವರಿಯಲ್ಲಿ ನಡೆಸಬೇಕಿತ್ತು. ಹಿಮ ಸಾಲದೆ ಮುಂದೂಡಿದರು. ಕೊನೆಗೆ ಮಾರ್ಚ್ 9ರಿಂದ 12ರವರೆಗೆ ನಡೆಯಿತು. ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 1ರಿಂದ 20ರವರೆಗೆ ಇತ್ತು. ಅದೇ ಮಾರ್ಚ್ 2ರಿಂದ ರಂಜಾನ್. ಹಿಮ, ಪರೀಕ್ಷೆ, ರೋಜಾ ಮೂರೂ ಒಂದೇ ತಿಂಗಳಲ್ಲಿ. ನಮ್ಮ ಕಾಲೇಜಿನ ಒಬ್ಬ ಹುಡುಗ ಅಂದು ರಾಜ್ಯ ತಂಡಕ್ಕೆ ಆಯ್ಕೆಯಾಗಿದ್ದರೆ ಮನೆಯವರು, ಉಪನ್ಯಾಸಕರು ಏನು ಹೇಳುತ್ತಿದ್ದರು ಎಂದು ಊಹಿಸಬಹುದು. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಹಾಗಾಗಿ ಮುಂದಿನ ಕೆಲವು ವರ್ಷ ಅದು ಹಿಮದ ಸೀಸನ್‌ನೊಳಗೇ ಇರುತ್ತದೆ. ಇದು ದೊಡ್ಡ ತೊಡಕು ಎಂದು ನನಗನಿಸುವುದಿಲ್ಲ. ಪ್ರಯಾಣಿಕನಿಗೆ ರೋಜಾವನ್ನು ಮುಂದಕ್ಕೆ ಹಾಕಿಕೊಳ್ಳುವ ರಿಯಾಯಿತಿಯನ್ನು ದೀನ್ ಕೊಟ್ಟಿದೆ. ಪರೀಕ್ಷಾ ವೇಳಾಪಟ್ಟಿ ಅಂಥ ರಿಯಾಯಿತಿ ಕೊಡುವುದಿಲ್ಲ, 75 ಶೇಕಡಾ ಹಾಜರಾತಿಯೂ ಕೊಡುವುದಿಲ್ಲ. ಆದ್ದರಿಂದ ದಾರಿ ಇರುವುದು ಪ್ರಥಮ ಪಿಯುಸಿಯವರಿಗೆ, ಅದೂ ಜನವರಿಯ ಎರಡು ವಾರಗಳಲ್ಲಿ. ಆ ದಿನಗಳ ಹಾಜರಾತಿಯನ್ನು ಕ್ರೀಡಾ ರಜೆಯಾಗಿ ಪರಿಗಣಿಸುವ ಮನಸ್ಸನ್ನು ಕಾಲೇಜು ಮಾಡಬೇಕು.

ಎರಡನೆಯ ಮಾತು ಹುಡುಗಿಯರದ್ದು. ನಮ್ಮಲ್ಲಿ ಅನೇಕರು ಹೈಸ್ಕೂಲಿನಲ್ಲಿ ಚೆನ್ನಾಗಿ ಓಡುತ್ತಿದ್ದವರು. ಪಿಯುಸಿಗೆ ಬಂದ ಕೂಡಲೇ ನಿಂತುಬಿಟ್ಟರು. ಕಾರಣ ಕೇಳಿದರೆ ಬಟ್ಟೆ, ಜನರ ನೋಟ, ಮನೆಯ ಮಾತು. ಟೂರಿಂಗ್ ಸ್ಕೀಯಿಂಗ್‌ನಲ್ಲಿ ಗಂಡು ಹೆಣ್ಣು ಎಲ್ಲರೂ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡೇ ಇರುತ್ತಾರೆ: ಹೆಲ್ಮೆಟ್, ಕನ್ನಡಕ, ಕುತ್ತಿಗೆಗೆ ಬಟ್ಟೆ, ಕೈಗವಸು, ದೊಗಲೆ ಜಾಕೆಟ್. ಯಾರು ಯಾರೆಂದು ಗುರುತಿಸುವುದೇ ಕಷ್ಟ. ರೇಸಿನ ದಿನ ಕ್ರಾಸ್ ಕಂಟ್ರಿಯವರು ಮೈಗಂಟಿದ ಸೂಟ್ ಹಾಕುತ್ತಾರೆ ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಲಿಯುವುದಕ್ಕೆ ಅದು ಬೇಕಿಲ್ಲ. ಪ್ರವಾದಿ ಮುಹಮ್ಮದ್ (ಸ) ಹಜರತ್ ಆಯಿಷಾ (ರ) ಅವರ ಜೊತೆ ಓಟದ ಪಂದ್ಯ ಕಟ್ಟಿದ್ದನ್ನು ನಮಗೆ ಮದ್ರಸಾದಲ್ಲೇ ಹೇಳಿಕೊಟ್ಟಿದ್ದಾರೆ. ಅದನ್ನು ಕಲಿತ ಮೇಲೆ ಹುಡುಗಿಯರ ಆಟದ ಪಿರಿಯಡ್ಡನ್ನು ಸಿಲಬಸ್ ಮುಗಿಸಲು ಕೊಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಹಣ. ಸ್ಕೀಯಿಂಗ್ ಹಣವಂತರ ಆಟ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಲ್ಮಾರ್ಗದ ಸಮೀಪದ ಮೊಹಮ್ಮದ್ ಆರಿಫ್ ಖಾನ್ ಅವರ ತಂದೆಯದು ಸ್ಕೀ ಸಾಮಾನಿನ ಅಂಗಡಿ. ಮನೆಯಲ್ಲೇ ಸ್ಕೀ ಇದ್ದ ಆ ಹುಡುಗನಿಗೂ 2018ರ ಒಲಿಂಪಿಕ್ಸ್ ಅವಕಾಶ ಹಣದ ಕೊರತೆಯಿಂದ ಕೈತಪ್ಪಿತು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಇಡೀ ಭಾರತದಿಂದ ಹೋದವರು ಅವರೊಬ್ಬರೇ. ಜಯಂಟ್ ಸ್ಲಾಲಂನಲ್ಲಿ 45ನೇ ಸ್ಥಾನ. ಒಲಿಂಪಿಕ್ಸ್ ಕನಸಿಗೆ ಲಕ್ಷಗಟ್ಟಲೆ ಬೇಕು, ನಿಜ. ಎರಡು ವಾರದ ಮೊದಲ ಕೋರ್ಸಿಗೆ ಅಷ್ಟು ಬೇಡ. ಗುಲ್ಮಾರ್ಗದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಸಂಸ್ಥೆ ಇದೆ, ಪಹಲ್ಗಾಮ್‌ನಲ್ಲಿ ಜವಾಹರ್ ಪರ್ವತಾರೋಹಣ ಮತ್ತು ಚಳಿಗಾಲದ ಕ್ರೀಡಾ ಸಂಸ್ಥೆ ಇದೆ, ಮನಾಲಿಯಲ್ಲೂ ಇದೆ. ಬೂಟು, ಹಲಗೆ ಎಲ್ಲ ಅಲ್ಲೇ ಸಿಗುತ್ತವೆ, ಕೊಳ್ಳಬೇಕಿಲ್ಲ. ನಮ್ಮ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಯುವಜನರನ್ನು ಹಿಮಾಲಯದ ತರಬೇತಿಗೆ ಕಳಿಸುತ್ತ ಬಂದಿದೆ. ದಾರಿ ಖರ್ಚಿಗೆ ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿ. 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೂ ರೈಲು ಓಡುತ್ತಿದೆ. ಸ್ಲೀಪರ್ ಟಿಕೆಟ್ ಇದ್ದವರಿಗೂ ಹಿಮ ಸಿಗುವ ಕಾಲ ಬಂದಿದೆ.

ಭಯದ ಮಾತು ಬೇರೆ, ಅದನ್ನು ಹಗುರ ಮಾಡಲಾರೆ. 2022ರ ಅಕ್ಟೋಬರ್‌ನಲ್ಲಿ ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತವಾದಾಗ ಸತ್ತವರು ತರಬೇತಿಗೆಂದು ಹೋದವರು, ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. 2024ರ ಜೂನ್‌ನಲ್ಲಿ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೊರಟ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅದೇ ವರ್ಷ ಫೆಬ್ರವರಿಯಲ್ಲಿ, ಖೇಲೋ ಇಂಡಿಯಾ ನಡೆಯುತ್ತಿದ್ದಾಗಲೇ, ಗುಲ್ಮಾರ್ಗದ ಕಾವಲಿನ ಗೆರೆ ದಾಟಿ ಹೋದ ವಿದೇಶಿ ತಂಡದ ಮೇಲೆ ಹಿಮ ಜರಿದು ರಷ್ಯಾದ ಒಬ್ಬರು ಸತ್ತರು. ಇಂಥ ಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹೂತವರನ್ನು ಮೊದಲ ಹದಿನೈದು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಆಮೇಲೆ ಬದುಕುವವರ ಸಂಖ್ಯೆ ಬೇಗ ಇಳಿಯುತ್ತದೆ. ಅದಕ್ಕೇ ಟೂರಿಂಗ್‌ಗೆ ಹೋಗುವ ಪ್ರತಿಯೊಬ್ಬರ ಎದೆಗೆ ಸಂಕೇತ ಕಳಿಸುವ ಬೀಕನ್, ಚೀಲದಲ್ಲಿ ಉದ್ದನೆಯ ಚುಚ್ಚುಗೋಲು ಮತ್ತು ಸಲಿಕೆ ಇರಲೇಬೇಕು. ಹೊರಗಿನಿಂದ ಸಹಾಯ ಬರುವುದರೊಳಗೆ ಸಮಯ ಮುಗಿದಿರುತ್ತದೆ, ಜೊತೆಗಿರುವವನೇ ಅಗೆಯಬೇಕು. ನಮ್ಮ ಕಾಲೇಜಿನಿಂದ ಹೋಗುವವರು ಮೊದಲ ವರ್ಷ ಸಂಸ್ಥೆಯ ಗುರುತಿಸಿದ ಇಳಿಜಾರು ಬಿಟ್ಟು ಒಂದು ಹೆಜ್ಜೆ ಆಚೆ ಇಡಬಾರದು. ಬ್ಯಾಕ್‌ಕಂಟ್ರಿ ಎಂಬ ಮಾತು ಮೂರು ನಾಲ್ಕು ವರ್ಷದ ನಂತರದ್ದು.

ಇದಲ್ಲದೆ ಇನ್ನೊಂದು ಭಯವಿದೆ. 2025ರ ಏಪ್ರಿಲ್ 22ರ ನಂತರ ಪಹಲ್ಗಾಮ್ ಎಂಬ ಹೆಸರು ಕೇಳಿದರೆ ಯಾವ ತಾಯಿಯೂ ಮಗುವನ್ನು ಕಳಿಸಲು ಒಪ್ಪಲಿಕ್ಕಿಲ್ಲ. ಅಂದು ಸತ್ತ 26 ಮಂದಿಯಲ್ಲಿ ನಮ್ಮ ಕರ್ನಾಟಕದವರಿದ್ದರು. ಪ್ರವಾಸಿಗರನ್ನು ಉಳಿಸಲು ಹೋಗಿ ಜೀವ ಕೊಟ್ಟ ಕುದುರೆ ನಡೆಸುವ ಸೈಯದ್ ಆದಿಲ್ ಹುಸೇನ್ ಶಾ ಅವರೂ ಇದ್ದರು. ಕಳಿಸುವ ವರ್ಷ ಅಲ್ಲಿಯ ಸ್ಥಿತಿ ನೋಡಿ ನಿರ್ಧರಿಸಬೇಕು, ಬೇಕಾದರೆ ಮನಾಲಿಗೆ ಕಳಿಸಬೇಕು. ಆದರೆ ನಮ್ಮ ವಯಸ್ಸಿನ ಕಾಶ್ಮೀರಿ ಹುಡುಗ ಹುಡುಗಿಯರ ಜೊತೆ ಹದಿನಾಲ್ಕು ದಿನ ಒಂದೇ ಬಯಲಿನಲ್ಲಿ ಬಿದ್ದು ಎದ್ದು ಬಂದವರಿಗೆ ಆ ನಾಡಿನ ಬಗ್ಗೆ ಟಿವಿಯವರು ಹೇಳಿಕೊಡುವುದಕ್ಕಿಂತ ಹೆಚ್ಚು ಗೊತ್ತಿರುತ್ತದೆ ಎಂದು ನನಗೆ ಅನಿಸುತ್ತದೆ.

ಪ್ರಾಚಾರ್ಯರಲ್ಲಿ, ದೈಹಿಕ ಶಿಕ್ಷಣದ ಸರ್ ಅವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ವಾರ್ಷಿಕ ಪ್ರವಾಸದ ಲೆಕ್ಕದಿಂದ ಸ್ವಲ್ಪ ತೆಗೆದಿಟ್ಟು ಎರಡು ಜೊತೆ ರೋಲರ್ ಸ್ಕೀ, ನಾಲ್ಕು ಕೋಲು, ಎರಡು ಹೆಲ್ಮೆಟ್ ತರಿಸಲಿ. ಬೆಳಿಗ್ಗೆ ಆರರಿಂದ ಏಳರವರೆಗೆ ಕಾಲೇಜಿನ ಒಳರಸ್ತೆ ಖಾಲಿಯೇ ಇರುತ್ತದೆ. ಯಾರಿಗೆ ಆಸೆ ಇದೆಯೋ ಅವರು ಜೂನ್‌ನಿಂದ ಬರಲಿ. ಡಿಸೆಂಬರ್‌ವರೆಗೆ ಬಿಡದೆ ಬಂದವರಲ್ಲಿ ಇಬ್ಬರನ್ನು ಆರಿಸೋಣ, ಅಂಕಪಟ್ಟಿ ನೋಡದೆ. ತಿಕೋಟಾದಿಂದ ಮೊದಲ ಬಸ್ಸಿಗೆ ಬರುವವರಿಗೆ ಆರು ಗಂಟೆ ಕಷ್ಟವಾಗುತ್ತದೆ. ಅವರಿಗಾಗಿ ಶನಿವಾರ ಸಂಜೆಯೂ ಒಂದು ತಾಸು ಇಟ್ಟರೆ ಒಳ್ಳೆಯದು.