ಮೊದಲು ಹೇಳಿ, ಆಮೇಲೆ ಮಾಡಿ

2023ರ ಮೇ 10ರಂದು ವಿಧಾನಸಭೆ ಚುನಾವಣೆಯ ಮತದಾನ ನಡೆಯುತ್ತಿದ್ದಾಗಲೇ ವಿಜಯಪುರ ಜಿಲ್ಲೆ ಬಸವನ ಬಾಗೇವಾಡಿ ತಾಲೂಕಿನ ಮಸಬಿನಾಳದಲ್ಲಿ ಜನ ಒಂದು ಸರ್ಕಾರಿ ವಾಹನವನ್ನು ಅಡ್ಡಗಟ್ಟಿದರು. ಅದರೊಳಗೆ ಮತಯಂತ್ರಗಳಿದ್ದವು. ಮತದಾನವನ್ನು ಅರ್ಧಕ್ಕೇ ನಿಲ್ಲಿಸಿ ಯಂತ್ರ ವಾಪಸ್ ಒಯ್ಯುತ್ತಿದ್ದಾರೆ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಸೆಕ್ಟರ್ ಅಧಿಕಾರಿಯ ಮೇಲೆ ಕೈ ಮಾಡಲಾಯಿತು. ಎರಡು ಕಂಟ್ರೋಲ್ ಯೂನಿಟ್, ಎರಡು ಬ್ಯಾಲೆಟ್ ಯೂನಿಟ್, ಮೂರು ವಿವಿಪ್ಯಾಟ್ ಒಡೆದುಹೋದವು. ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಹಿಡಿದರು. ಒಡೆದ ಆ ಯಂತ್ರಗಳಲ್ಲಿ ಒಂದೇ ಒಂದು ಮತವೂ ಇರಲಿಲ್ಲ. ಯಾವುದಾದರೂ ಮತಗಟ್ಟೆಯಲ್ಲಿ ಯಂತ್ರ ಕೆಟ್ಟರೆ ಬದಲಿಗೆ ಇರಲಿ ಎಂದು ಸೆಕ್ಟರ್ ಅಧಿಕಾರಿಯ ಬಳಿ ಇಟ್ಟಿದ್ದ ಕಾಯ್ದಿರಿಸಿದ ಯಂತ್ರಗಳು ಅವು.

ಯಂತ್ರ ಒಡೆದದ್ದು ತಪ್ಪು, ನೌಕರನ ಮೇಲೆ ಕೈ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ನಾವು ತಡೆದು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮತಗಟ್ಟೆಯ ಹೊರಗೆ ಬದಲಿ ಯಂತ್ರಗಳ ವಾಹನ ಓಡಾಡುತ್ತದೆ ಎಂಬ ಸರಳ ಸಂಗತಿ ಆ ಊರಿನ ಎಷ್ಟು ಮಂದಿಗೆ ಗೊತ್ತಿತ್ತು? ಮತದಾನದ ಹಿಂದಿನ ದಿನ ಡಂಗುರ ಹೊಡೆಸಿ, ‘ನಾಳೆ ಇಂಥ ಗಾಡ್ಯಾಗ ಖಾಲಿ ಮಷೀನ್ ಇರತಾವ, ಕೆಟ್ಟರ ಬದಲಿ ಹಚ್ಚಾಕ’ ಎಂದು ಹೇಳಿಸಲು ಎಷ್ಟು ಖರ್ಚಾಗುತ್ತಿತ್ತು? ಯಂತ್ರಗಳಿಗೆ ಮುದ್ರೆ ಇತ್ತು, ಸಂಖ್ಯೆ ಇತ್ತು, ಚುನಾವಣಾ ಆಯೋಗದ ಕೈಪಿಡಿಯಲ್ಲಿ ನಿಯಮವೂ ಇತ್ತು. ಅದನ್ನು ಊರಿನ ಕಿವಿಗೆ ಮುಟ್ಟಿಸುವ ಒಂದು ಮಾತು ಮಾತ್ರ ವದಂತಿಗಿಂತ ಮುಂಚೆ ಬಂದು ತಲುಪಲಿಲ್ಲ.

ಇದೇ ತಾಲೂಕಿಗೆ ಈ ಅನುಭವ ಹೊಸದೂ ಅಲ್ಲ. 2018ರ ವಿಧಾನಸಭೆ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಮನಗೂಳಿಯ ಒಂದು ಶೆಡ್ಡಿನಲ್ಲಿ ವಿವಿಪ್ಯಾಟಿನದೆಂದು ಹೇಳಲಾದ ಖಾಲಿ ಪೆಟ್ಟಿಗೆಗಳು ಸಿಕ್ಕವು. ರಾಜ್ಯಕ್ಕೆ ರಾಜ್ಯವೇ ಅದನ್ನು ಚರ್ಚಿಸಿತು. ತನ್ನ ಪ್ರತಿ ಯಂತ್ರಕ್ಕೂ ಗುರುತಿನ ಸಂಖ್ಯೆ ಇದೆ, ಈ ಪೆಟ್ಟಿಗೆಗಳು ತನ್ನವಲ್ಲ ಎಂದು ಆಯೋಗ ಸ್ಪಷ್ಟಪಡಿಸಿತು. ಅಷ್ಟು ಹೊತ್ತಿಗೆ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ ಎಲ್ಲಿಗೋ ಹೋಗಿ ಮುಟ್ಟಿದ್ದವು. ಸ್ಪಷ್ಟನೆ ಅವುಗಳ ಬೆನ್ನು ಹತ್ತಿ ಹೋಗಬೇಕಾಯಿತು. ಐದು ವರ್ಷದ ಅಂತರದ ಈ ಎರಡು ಘಟನೆಗಳ ನಡುವೆ ನಮ್ಮ ಹಳ್ಳಿಗಳಿಗೆ ಯಂತ್ರದ ಒಳಹೊರಗನ್ನು ತಿಳಿಸಿ ಹೇಳುವ ಕೆಲಸ ಆಗಬೇಕಾದಷ್ಟು ಆಗಿದ್ದರೆ ಮಸಬಿನಾಳದ ಆ ಮಧ್ಯಾಹ್ನ ಬೇರೆಯೇ ಆಗುತ್ತಿತ್ತು.

ಹೇಳಲು ಹೊರಟರೆ ಹೇಳುವಂಥದ್ದು ಬೇಕಾದಷ್ಟಿದೆ. ಮತದಾನ ಶುರುವಾಗುವ ಮುನ್ನ ಪಕ್ಷಗಳ ಏಜೆಂಟರ ಎದುರೇ ಕನಿಷ್ಠ 50 ಅಣಕು ಮತ ಹಾಕಿ, ಎಣಿಸಿ, ಅಳಿಸಿ ತೋರಿಸಬೇಕು. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟಿನ ಗಾಜಿನ ಕಿಂಡಿಯಲ್ಲಿ ಅಭ್ಯರ್ಥಿಯ ಹೆಸರು, ಕ್ರಮಸಂಖ್ಯೆ, ಚಿಹ್ನೆ ಇರುವ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಸಂಜೆ ಮತದಾನ ಮುಗಿದಾಗ ಆ ಗಟ್ಟೆಯಲ್ಲಿ ಎಷ್ಟು ಮತ ಬಿದ್ದವು ಎಂಬ ಲೆಕ್ಕದ ನಮೂನೆ 17ಸಿ ಪ್ರತಿಯನ್ನು ಏಜೆಂಟರ ಕೈಗೆ ಕೊಡಬೇಕು. ಎಣಿಕೆಯ ದಿನ ಅದೇ ಅಂಕಿ ಯಂತ್ರದ ಅಂಕಿಗೆ ತಾಳೆಯಾಗಬೇಕು. ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಕೊಟ್ಟ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಕೈಯಿಂದ ಎಣಿಸಬೇಕು. ವಿಜಯಪುರ ಜಿಲ್ಲೆಯ ಎಂಟು ಕ್ಷೇತ್ರಗಳಿಗೆ ಒಟ್ಟು 40 ಮತಗಟ್ಟೆ ಆಯಿತು. ಎಲ್ಲ ಚೀಟಿ ಎಣಿಸಬೇಕೆಂಬ ಬೇಡಿಕೆಯನ್ನು ಅದೇ ನ್ಯಾಯಾಲಯ 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ಆದರೆ ಚಿಹ್ನೆ ತುಂಬುವ ಸಾಧನವನ್ನು ಫಲಿತಾಂಶದ ನಂತರ 45 ದಿನ ಮುದ್ರೆ ಹಾಕಿ ಕಾಯ್ದಿಡಬೇಕೆಂದೂ ಹೇಳಿತು. ಇಂಡಿಯ ನಿಂಬೆ ತೋಟದ ಮಾಲೀಕನಿಗೂ ಮುದ್ದೇಬಿಹಾಳದ ಕೂಲಿ ಹೆಣ್ಣುಮಗಳಿಗೂ ಅರ್ಥವಾಗುವ ಸಂಗತಿಗಳೇ ಇವೆಲ್ಲ. ಯಾವುದೂ ಗುಟ್ಟಲ್ಲ. ಗುಟ್ಟಲ್ಲದ್ದನ್ನು ಗುಟ್ಟಿನಂತೆ ಕಡತದಲ್ಲಿ ಮಡಿಚಿಟ್ಟದ್ದರಿಂದಲೇ ಅನುಮಾನ ಬೆಳೆದಿದೆ.

ಅನುಮಾನಕ್ಕೆ ಕಾರಣವೇ ಇಲ್ಲ ಎನ್ನುವ ಹಾಗೂ ಇಲ್ಲ. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ ಮತದಾರರ ಹೆಸರು ತೆಗೆಸಲು 6,018 ಅರ್ಜಿಗಳು ಆನ್‌ಲೈನಿನಲ್ಲಿ ಸಲ್ಲಿಕೆಯಾದವು. ಪರಿಶೀಲಿಸಿದಾಗ ಸಾಚಾ ಎನಿಸಿದ್ದು 24 ಮಾತ್ರ. ಸ್ಥಳೀಯವಾಗಿ ತಪಾಸಣೆ ಆಗಿದ್ದರಿಂದ ಹೆಸರುಗಳು ಉಳಿದವು. ಪ್ರಕರಣ ದಾಖಲಾಯಿತು, 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು, ಆಯೋಗವೂ ಇಂಥ ಅರ್ಜಿಗಳಿಗೆ ಇ-ಸಹಿಯ ವ್ಯವಸ್ಥೆ ತಂದಿತು. ಮತಯಂತ್ರದ ಮುಂದೆ ನಿಂತು ಮಸಬಿನಾಳದ ಜನ ಹೆದರಿದ್ದು ಇಲ್ಲದ ಅಪಾಯಕ್ಕೆ. ಇದ್ದ ಅಪಾಯ ಪಕ್ಕದ ಜಿಲ್ಲೆಯ ಮತದಾರರ ಪಟ್ಟಿಯಲ್ಲಿ ಸದ್ದಿಲ್ಲದೆ ಕೂತಿತ್ತು. ಯಾವುದಕ್ಕೆ ಎಚ್ಚರವಿರಬೇಕು, ಯಾವುದಕ್ಕೆ ಬೇಡ ಎಂದು ಜನ ತಾವೇ ಅಳೆದು ನೋಡಬೇಕಾದರೆ ಅಳತೆಗೋಲು ಅವರ ಕೈಯಲ್ಲಿರಬೇಕು. ಮಾಹಿತಿಯೇ ಆ ಅಳತೆಗೋಲು.

ಈ ಮಾತು ಚುನಾವಣೆಗೆ ಮಾತ್ರ ಅನ್ವಯಿಸುವುದಾಗಿದ್ದರೆ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಮ್ಮ ಈ ಜಿಲ್ಲೆಯ ತಾಲೂಕುಗಳಲ್ಲಿ ನೀರು, ನೆಲ, ಗಾಳಿಯ ವಿಚಾರದಲ್ಲೂ ಇದೇ ನಡೆದುಬಂದಿದೆ.

ಅಂದಿನ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯನ್ನೇ ನೋಡಿ. 800 ಮೆಗಾವಾಟಿನ ಮೂರು ಘಟಕಗಳ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ 2012ರ ಜನವರಿಯಲ್ಲಿ ಕೇಂದ್ರದ ಪರಿಸರ ಅನುಮತಿ ಸಿಕ್ಕಿತು. ರೈತರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. ಬೆಳೆ ಬೆಳೆಯುವ ಭೂಮಿಯನ್ನು ಬರಡೆಂದು ಕಾಗದದಲ್ಲಿ ತೋರಿಸಲಾಗಿತ್ತು ಎಂಬುದು ಅಲ್ಲಿ ಬಯಲಾಯಿತು. 2014ರ ಮಾರ್ಚ್‌ನಲ್ಲಿ ನ್ಯಾಯಮಂಡಳಿ ಆ ಅನುಮತಿಯನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರತಿಭಟನೆ ಜೋರಾಗಿ, ಪೊಲೀಸರು ಗುಂಡು ಹಾರಿಸಿ, ರೈತರು ಗಾಯಗೊಂಡರು. ಸ್ಥಾವರ ನಿಂತಿತು, ಇಂದು ವಿದ್ಯುತ್ತನ್ನೂ ಕೊಡುತ್ತಿದೆ. ಆ ವಿದ್ಯುತ್ ನಮಗೆ ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ತನ್ನ ಹೊಲ ಬರಡೋ ಫಲವತ್ತೋ ಎಂದು ಮೊದಲೇ ಕೇಳಿದ್ದರೆ ಅಲ್ಲಿನ ಯಾವ ರೈತನೂ ಹೇಳುತ್ತಿದ್ದ. ಆ ಒಂದು ಪ್ರಶ್ನೆಯನ್ನು ಹೊಲದ ಬದುವಿನ ಮೇಲೆ ನಿಂತು ಕೇಳದೆ ಹೋದದ್ದಕ್ಕೆ ಎರಡೂ ಕಡೆ ತೆತ್ತ ಬೆಲೆ ದೊಡ್ಡದು.

ಆಲಮಟ್ಟಿಯ ಕಥೆ ಇನ್ನೂ ಉದ್ದ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಯೋಜನೆ ಇದು. ಅಣೆಕಟ್ಟೆಯಲ್ಲಿ ಈಗ 519.6 ಮೀಟರ್ ಮಟ್ಟಕ್ಕೆ ನೀರು ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ತೀರ್ಪಿನಲ್ಲೇ ಒಪ್ಪಿತು. ವಿವಾದ ಸುಪ್ರೀಂ ಕೋರ್ಟಿನಲ್ಲಿ ಇರುವುದರಿಂದ ತೀರ್ಪು ಗೆಜೆಟ್ಟಿಗೆ ಬಂದಿಲ್ಲ. ಎತ್ತರ ಏರಿದರೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ಒಂದೂರು ನೀರಿಗಾಗಿ ಕಾಯುತ್ತದೆ, ಇನ್ನೊಂದೂರು ನೀರಿಗೆ ಹೆದರುತ್ತದೆ. ಇಬ್ಬರೂ ತಲೆಮಾರಿನಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಯಾವಾಗ? ಮುಳುಗಡೆಯ ಗೆರೆ ನನ್ನ ಹೊಲದ ಯಾವ ಮೂಲೆಗೆ ಬರುತ್ತದೆ, ಈ ವರ್ಷ ಬಾವಿ ತೋಡಿಸಲೋ ಬೇಡವೋ, ಮಗನಿಗೆ ಮನೆ ಕಟ್ಟಿಸಲೋ ಬೇಡವೋ ಎಂದು ತಿಳಿಯದೆ ಬದುಕುವ ಕುಟುಂಬಕ್ಕೆ ಪರಿಹಾರದ ಮೊತ್ತದಷ್ಟೇ ಮುಖ್ಯವಾದದ್ದು ಒಂದು ಖಚಿತ ಮಾತು. ಆ ಖಚಿತ ಮಾತನ್ನು ಹೇಳಲು ಯಾವ ಕೋರ್ಟಿನ ತಡೆಯೂ ಇಲ್ಲ.

ಇಂಡಿ, ಸಿಂದಗಿ ಕಡೆ ಭೀಮೆಯದು ತಾಸುಗಳ ಲೆಕ್ಕ. 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದ ನೀರೂ ಸೀನಾ ನದಿಯ ನೀರೂ ಒಟ್ಟಿಗೆ ನುಗ್ಗಿ ತೀರದ ಹಳ್ಳಿಗಳ ತೊಗರಿ, ಹತ್ತಿ, ಕಬ್ಬಿನ ಹೊಲಗಳು ನೀರಿನಡಿ ಹೋದವು. ಮೇಲೆ ಇಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂಬ ಅಂಕಿ ಸುದ್ದಿಯಲ್ಲಿ ಬರುತ್ತದೆ. ಆದರೆ ರೈತನಿಗೆ ಬೇಕಾದದ್ದು ಕ್ಯೂಸೆಕ್ ಅಲ್ಲ. ಆ ನೀರು ನನ್ನೂರಿನ ಹಳ್ಳಕ್ಕೆ ಎಷ್ಟು ತಾಸಿಗೆ ಬರುತ್ತದೆ, ಮೋಟಾರು ಬಿಚ್ಚಿ ಮೇಲೆ ತರಲು ಹೊತ್ತಿದೆಯೋ ಇಲ್ಲವೋ, ದನ ಎತ್ತ ಹೊಡೆಯಬೇಕು ಎಂಬುದು. ಅಂಕಿಯನ್ನು ಈ ಭಾಷೆಗೆ ತರುವ ಹೊಣೆ ಆಡಳಿತದ್ದೇ.

ಇದನ್ನೆಲ್ಲ ನಾವು ಆಡಳಿತದ ದಯೆಯಾಗಿ ಬೇಡುತ್ತಿಲ್ಲ. ಇದು ಕಾನೂನು. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಅರ್ಜಿ ಹಾಕಿ ಮೂವತ್ತು ದಿನ ಕಾಯುವುದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅದರ ನಾಲ್ಕನೇ ಪ್ರಕರಣ ಬೇರೆಯದನ್ನೇ ಹೇಳುತ್ತದೆ: ಮುಖ್ಯ ನಿರ್ಧಾರ ಮಾಡುವಾಗ ಅದರ ಸಂಗತಿಗಳನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕು, ಬಾಧಿತರಾಗುವವರಿಗೆ ಕಾರಣ ತಿಳಿಸಬೇಕು, ಅದೂ ಸ್ಥಳೀಯ ಭಾಷೆಯಲ್ಲಿ, ಆ ಊರಿಗೆ ಹೊಂದುವ ರೀತಿಯಲ್ಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯೂ ಸಾರ್ವಜನಿಕ ಆಲಿಕೆಗೆ ಮುನ್ನ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎನ್ನುತ್ತದೆ. ಅದರ ಜಾಗಕ್ಕೆ ಬರಬೇಕಿದ್ದ 2020ರ ಕರಡು ಪ್ರಾದೇಶಿಕ ಭಾಷೆಗಳಲ್ಲಿ ಸರಿಯಾಗಿ ಪ್ರಕಟವಾಗದೇ ಇದ್ದಾಗ ಕರ್ನಾಟಕ ಹೈಕೋರ್ಟ್ 2020ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಜನರಿಗೆ ತಿಳಿಯದ ಕರಡಿನ ಮೇಲೆ ಜನರ ಅಭಿಪ್ರಾಯ ಕೇಳುವುದರಲ್ಲಿ ಅರ್ಥವಿಲ್ಲ ಎಂಬ ಮಾತಿಗೆ ನಮ್ಮ ರಾಜ್ಯದ ನ್ಯಾಯಾಲಯವೇ ಬಲ ಕೊಟ್ಟಿದೆ.

ಹೀಗಿರುವಾಗ ವದಂತಿಗೆ ಮದ್ದೆಂದು ಸರ್ಕಾರಗಳು ಮೊದಲು ಶಿಕ್ಷೆಯನ್ನೇ ನೆನೆಯುವುದು ನಮಗೆ ಕಳವಳ ತರುತ್ತದೆ. 2025ರ ಜೂನ್‌ನಲ್ಲಿ ಚರ್ಚೆಗೆ ಬಂದ ರಾಜ್ಯದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಜೈಲಿನ ಮಾತಿತ್ತು. ದುರುದ್ದೇಶದಿಂದ ಸುಳ್ಳು ಹಬ್ಬಿಸುವವರಿಗೆ ಶಿಕ್ಷೆ ಆಗಲಿ. ಆದರೆ ನಿಜವನ್ನು ಹೊತ್ತಿಗೆ ಸರಿಯಾಗಿ ಹೇಳದ ಕಚೇರಿಯ ಹೊಣೆಯನ್ನು ಯಾವ ಮಸೂದೆ ಗೊತ್ತುಮಾಡುತ್ತದೆ? ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸುವಂತೆ 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ಶಿಫಾರಸು ಮಾಡಿತು. ಯಂತ್ರವೋ ಕಾಗದವೋ ಎಂಬ ವಾದ ನಡೆಯಲಿ. ತಿಳಿಸಿ ಹೇಳದಿದ್ದರೆ ಕಾಗದದ ಪೆಟ್ಟಿಗೆ ಹೊತ್ತ ವಾಹನವನ್ನೂ ಜನ ಒಂದು ದಿನ ಅಡ್ಡಗಟ್ಟುತ್ತಾರೆ.

2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಅವನು ಹುಟ್ಟಿದ ಬಾಗೇವಾಡಿಯ ಜನರಾದ ನಮಗೆ ಅದು ಹೆಮ್ಮೆ. ಕಾಯಕದ ಜನರನ್ನು ಸಮನಾಗಿ ಕೂರಿಸಿ, ಅವರ ಪ್ರಶ್ನೆ ಕೇಳಿ, ಉತ್ತರ ಹೇಳಿದ್ದೇ ಅನುಭವ ಮಂಟಪದ ದೊಡ್ಡತನ. ಆ ಘೋಷಣೆಗೆ ತಕ್ಕ ನಡೆ ಗ್ರಾಮಸಭೆಯಲ್ಲಿ ಕಾಣಬೇಕು.

ನಮ್ಮ ಬೇಡಿಕೆ ಮೂರು. ಪ್ರತಿ ಚುನಾವಣೆಗೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಯಂತ್ರವನ್ನು ಜನರ ಕೈಗೆ ಕೊಟ್ಟು ತೋರಿಸಿ, ಬದಲಿ ಯಂತ್ರಗಳ ವಾಹನದ ಸಂಖ್ಯೆಯನ್ನು ಫಲಕದ ಮೇಲೆ ಬರೆಯಿರಿ. ಮುಳುಗಡೆಗೆ, ಕಾರ್ಖಾನೆಗೆ, ಕಾಲುವೆಗೆ ಹೋಗುವ ಜಮೀನಿನ ಸರ್ವೆ ನಂಬರುಗಳ ಪಟ್ಟಿಯನ್ನೂ ಕಾಲಪಟ್ಟಿಯನ್ನೂ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿ, ಅಲ್ಲೆದ್ದ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡಿ. ಭೀಮಾ, ಕೃಷ್ಣಾ, ಡೋಣಿ ತೀರದ ಊರುಗಳಿಗೆ ನೀರು ಮುಟ್ಟುವ ಹೊತ್ತನ್ನು ಊರಿನ ಹೆಸರು ಹಿಡಿದು ಸಾರಿಸಿ. ಇವಕ್ಕೆ ಹೊಸ ಕಾಯ್ದೆ ಬೇಡ, ದೊಡ್ಡ ಅನುದಾನವೂ ಬೇಡ.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಪ್ರಶ್ನೆಯನ್ನು ಕಾಗದದಲ್ಲಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಬಂದ ಉತ್ತರವನ್ನು, ಬಾರದೇ ಹೋದರೆ ಆ ಸಂಗತಿಯನ್ನು ನಮಗೆ ಬರೆದು ಕಳಿಸಿ. ಪತ್ರಿಕೆ ಅವನ್ನು ಪ್ರಕಟಿಸುತ್ತದೆ. ಕೇಳುವವರು ಹೆಚ್ಚಾದ ಊರಲ್ಲಿ ಹೇಳುವವರೂ ಹೊತ್ತಿಗೆ ಸರಿಯಾಗಿ ಬರುತ್ತಾರೆಂಬ ಭರವಸೆ ನಮಗಿದೆ.

– ಸಂಪಾದಕ