ವರ್ಷವಾರು ನಕ್ಷೆಯ ದಿನಾಂಕದ ಅಕ್ಷಕ್ಕೂ ಪರಿಶೋಧನೆ ಬೇಕು

ಬ್ಯಾಂಕಿನ ಸಾಲಮಿತಿಯ ನವೀಕರಣಕ್ಕೆ ಅರ್ಜಿ ಸಲ್ಲಿಸುವಾಗ ಲೆಕ್ಕಪತ್ರಗಳೊಡನೆ ಒಂದೆರಡು ಬಣ್ಣದ ರೇಖಾನಕ್ಷೆಗಳನ್ನು ಲಗತ್ತಿಸುವ ರೂಢಿ ಈಗ ಸಣ್ಣ ವ್ಯಾಪಾರ ಸಂಸ್ಥೆಗಳಿಗೂ ಬಂದಿದೆ. ಪ್ರಸಕ್ತ ವರ್ಷದ ಮಾರಾಟಕ್ಕೆ ಒಂದು ಗೆರೆ, ಹಿಂದಿನ ವರ್ಷದ್ದಕ್ಕೆ ಇನ್ನೊಂದು. ಹೊಸ ಗೆರೆ ಹಳೆಯದರ ಮೇಲಿದ್ದರೆ ವ್ಯಾಪಾರ ಬೆಳೆದಿದೆ, ಕೆಳಗಿದ್ದರೆ ಕುಗ್ಗಿದೆ ಎಂದು ನೋಡಿದವರು ತೀರ್ಮಾನಿಸುತ್ತಾರೆ. ಗೆರೆಯ ಹಿಂದಿರುವ ಅಂಕಿಗಳನ್ನು ಲೆಕ್ಕಪರಿಶೋಧಕರು ತಾಳೆ ನೋಡಿರುತ್ತಾರೆ. ಗೆರೆಯ ಕೆಳಗಿರುವ ದಿನಾಂಕದ ಅಕ್ಷವನ್ನು ಪರೀಕ್ಷಿಸುವವರು ವಿರಳ. ಆದರೆ ಯಾವ ತಿಂಗಳನ್ನು ಯಾವ ತಿಂಗಳಿನೊಡನೆ ಹೋಲಿಸಬೇಕೆಂದು ನಿರ್ಧರಿಸುವುದು ಆ ಅಕ್ಷವೇ.

ಭಾರತ ಸರ್ಕಾರದ ಲೆಕ್ಕಗಳಲ್ಲಿ ಏಪ್ರಿಲ್-ಮಾರ್ಚ್ ವರ್ಷ 1867ರಿಂದ ಬಳಕೆಯಲ್ಲಿದೆ. ಆದಾಯ ತೆರಿಗೆಯ ಉದ್ದೇಶಕ್ಕೆ ಎಲ್ಲರೂ ಮಾರ್ಚ್ 31ಕ್ಕೇ ವರ್ಷ ಮುಗಿಸಬೇಕೆಂಬ ನಿಯಮ ಬಂದದ್ದು 1989ರಲ್ಲಿ. ಅದಕ್ಕೆ ಮುನ್ನ ದೀಪಾವಳಿಗೆ ಖಾತೆ ಮುಗಿಸಿ ಹೊಸ ಪುಸ್ತಕ ಪೂಜಿಸುತ್ತಿದ್ದ ವರ್ತಕರ ಲೆಕ್ಕವೂ ಕಾನೂನಿಗೆ ಒಪ್ಪಿತವಾಗಿತ್ತು. ವರದಿ ತಂತ್ರಾಂಶಗಳಿಗೆ ಈ ಚರಿತ್ರೆ ತಿಳಿಯದು. ಪವರ್ ಬಿಐ ತಾನಾಗಿಯೇ ರಚಿಸಿಕೊಡುವ ದಿನಾಂಕದ ಶ್ರೇಣಿಯಲ್ಲಿ ವರ್ಷ ಜನವರಿಯಿಂದ ಆರಂಭವಾಗುತ್ತದೆ, ಜನವರಿ-ಮಾರ್ಚ್ ಮೊದಲ ತ್ರೈಮಾಸಿಕವಾಗುತ್ತದೆ. ಹಾಗೆಯೇ ಬಿಟ್ಟರೆ "2024" ಎಂಬ ಗೆರೆಯಲ್ಲಿ 2023-24ರ ಕೊನೆಯ ಮೂರು ತಿಂಗಳು ಮತ್ತು 2024-25ರ ಮೊದಲ ಒಂಬತ್ತು ತಿಂಗಳು ಬೆರೆತಿರುತ್ತವೆ. ಅಂತಹ ಗೆರೆಯನ್ನು ಯಾವುದೇ ಲಾಭ-ನಷ್ಟ ಪಟ್ಟಿಯೊಡನೆ ತಾಳೆ ಹಾಕಲು ಸಾಧ್ಯವಿಲ್ಲ.

ಸರಿಪಡಿಸುವ ಕ್ರಮ ಕಷ್ಟದ್ದಲ್ಲ. ಬಿಲ್ಲಿನ ದಿನಾಂಕವನ್ನೇ ನೇರವಾಗಿ ಅಕ್ಷಕ್ಕೆ ಕೊಟ್ಟರೆ ತಂತ್ರಾಂಶವು ಇಪ್ಪತ್ತನಾಲ್ಕು ತಿಂಗಳುಗಳನ್ನು ಒಂದರ ಮುಂದೊಂದು ಹಾಸಿಬಿಡುತ್ತದೆ. ಎರಡು ವರ್ಷಗಳು ಮೇಲೆ-ಕೆಳಗೆ ಬಂದು ಕೂಡುವುದೇ ಇಲ್ಲ. ಆದ್ದರಿಂದ ಅಕ್ಷದಲ್ಲಿ ತಿಂಗಳು ಮಾತ್ರ ಇರಬೇಕು, ಹಣಕಾಸು ವರ್ಷವು ಪ್ರತ್ಯೇಕ ಗೆರೆಯಾಗಬೇಕು, ಗೆರೆಯ ಹೆಸರು "2024-25" ಎಂದೇ ಇರಬೇಕು. ತಿಂಗಳ ಹೆಸರು ತಂತ್ರಾಂಶಕ್ಕೆ ಬರಿಯ ಅಕ್ಷರಗಳಾದ್ದರಿಂದ ಅದು ಇಂಗ್ಲಿಷ್ ಅಕಾರಾದಿಯಂತೆ ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ ಎಂದು ಜೋಡಿಸುವುದುಂಟು. ಮೊದಲಿಗೆ ಏಪ್ರಿಲ್ ಇರುವುದರಿಂದ ಅವಸರದ ಕಣ್ಣಿಗೆ ಇದು ಸರಿಯಾಗಿಯೇ ಕಾಣುತ್ತದೆ! ಏಪ್ರಿಲ್‌ಗೆ 1, ಮಾರ್ಚ್‌ಗೆ 12 ಎಂದು ಕ್ರಮಸಂಖ್ಯೆ ಕೊಟ್ಟು ಅದರಂತೆ ಜೋಡಿಸಲು ಸೂಚಿಸಬೇಕು. ಇನ್ನೂ ಬಾರದ ತಿಂಗಳುಗಳ ಕೋಷ್ಟಕವನ್ನು ಖಾಲಿ ಬಿಡಬೇಕು. ಅಲ್ಲಿ ಸೊನ್ನೆ ಇದ್ದರೆ ಗೆರೆ ನೆಲಕ್ಕೆ ಬಿದ್ದು ಅಂಗಡಿ ಮುಚ್ಚಿದಂತೆ ತೋರುತ್ತದೆ. ಗಣಕಯಂತ್ರ ಅಮೆರಿಕದ ದಿನಾಂಕ ಪದ್ಧತಿಯಲ್ಲಿದ್ದರೆ 03/04 ಎಂಬ ಏಪ್ರಿಲ್ 3ರ ಬಿಲ್ಲು ಮಾರ್ಚ್ 4ಕ್ಕೆ, ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ ಸರಿದುಹೋಗುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಇಷ್ಟೆಲ್ಲ ಸರಿಯಾದ ಮೇಲೂ ಉಳಿಯುವ ತೊಡಕು ಪಂಚಾಂಗದ್ದು. ಜವಳಿ, ಚಿನ್ನ-ಬೆಳ್ಳಿ, ಗೃಹೋಪಯೋಗಿ ವಸ್ತುಗಳ ವರ್ತಕರಿಗೆ ಇದೇ ಮುಖ್ಯವಾದದ್ದು. ಬಲಿಪಾಡ್ಯಮಿ 2022ರಲ್ಲಿ ಅಕ್ಟೋಬರ್ 26ಕ್ಕೆ ಬಂದಿತು. 2023ರಲ್ಲಿ ಅಧಿಕ ಶ್ರಾವಣದ ಕಾರಣ ನವೆಂಬರ್ 14ಕ್ಕೆ ಹೋಯಿತು. 2024ರಲ್ಲಿ ನವೆಂಬರ್ 2, 2025ರಲ್ಲಿ ಅಕ್ಟೋಬರ್ 22. ಹಬ್ಬದ ಖರೀದಿ ಎರಡು ವಾರ ಮೊದಲೇ ಆರಂಭವಾಗುವುದರಿಂದ 2022ರ ದೀಪಾವಳಿ ವ್ಯಾಪಾರ ಬಹುತೇಕ ಅಕ್ಟೋಬರ್‌ನಲ್ಲಿಯೂ 2023ರದು ಬಹುತೇಕ ನವೆಂಬರ್‌ನಲ್ಲಿಯೂ ದಾಖಲಾಗುತ್ತದೆ. ನಕ್ಷೆಯಲ್ಲಿ ಅಕ್ಟೋಬರ್ ಕುಸಿದು ನವೆಂಬರ್ ಜಿಗಿಯುತ್ತದೆ. ವ್ಯಾಪಾರದಲ್ಲಿ ಎರಡೂ ನಡೆದಿರುವುದಿಲ್ಲ.

ಯುಗಾದಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಅದು ವರ್ಷಾಂತ್ಯದ ಗಡಿಯನ್ನೇ ದಾಟುತ್ತದೆ. 2023ರ ಯುಗಾದಿ ಮಾರ್ಚ್ 22ರಂದು, 2024ರದು ಏಪ್ರಿಲ್ 9ರಂದು, 2025ರದು ಮಾರ್ಚ್ 30ರಂದು. ಲೆಕ್ಕ ಹಾಕಿ ನೋಡಿದರೆ 2023-24ರ ಹಣಕಾಸು ವರ್ಷದಲ್ಲಿ ಯುಗಾದಿಯೇ ಇಲ್ಲ, 2024-25ರಲ್ಲಿ ಎರಡು ಯುಗಾದಿಗಳಿವೆ. ಏಪ್ರಿಲ್ 9ರ ಹಬ್ಬದ ಖರೀದಿಯಲ್ಲಿ ಒಂದು ಪಾಲು ಮಾರ್ಚ್ ಕೊನೆಯ ವಾರದಲ್ಲೇ ನಡೆದಿರಬಹುದು ಎಂದು ಒಪ್ಪಿದರೂ, ತಿಂಗಳ ನಕ್ಷೆಯಷ್ಟೇ ಅಲ್ಲ, ಇಡೀ ವರ್ಷದ ವಹಿವಾಟಿನ ಹೋಲಿಕೆಯೇ ಇಲ್ಲಿ ವಾಲಿರುತ್ತದೆ. 2024-25ರ ಬೆಳವಣಿಗೆಯನ್ನು ನಂಬಿ 2025ರ ಏಪ್ರಿಲ್‌ಗೆ ದಾಸ್ತಾನು ತುಂಬಿದ ವರ್ತಕನ ಬಂಡವಾಳ ಗೋದಾಮಿನಲ್ಲಿ ಕುಳಿತಿರುತ್ತದೆ. ಅದೇ ಏಪ್ರಿಲ್‌ನ ಇಳಿದ ಗೆರೆ ಕಂಡ ಬ್ಯಾಂಕಿನ ಅಧಿಕಾರಿ ಅಂದಾಜು ವಹಿವಾಟನ್ನು ಮೊಟಕುಗೊಳಿಸಿದರೆ ಪೆಟ್ಟು ಇನ್ನೂ ನೇರವಾದದ್ದು. ಸಣ್ಣ ಉದ್ಯಮಗಳಿಗೆ ನಾಯಕ್ ಸಮಿತಿಯ ಪದ್ಧತಿಯಂತೆ ಅಂದಾಜು ವಾರ್ಷಿಕ ವಹಿವಾಟಿನ ಶೇ. 20ರಷ್ಟು ದುಡಿಯುವ ಬಂಡವಾಳದ ಮಿತಿ ದೊರೆಯುವಲ್ಲಿ, ಅಂದಾಜಿನಲ್ಲಿ 50 ಲಕ್ಷ ರೂಪಾಯಿ ಕಡಿಮೆಯಾದರೆ ಮಿತಿಯಲ್ಲಿ 10 ಲಕ್ಷ ಕಡಿತ.

ಹಾಗಾದರೆ ಅಕ್ಷವನ್ನೇ ಹಬ್ಬಕ್ಕೆ ಹೊಂದಿಸಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಅಂಗಡಿಯ ಒಳಬಳಕೆಗೆ, ವಿಶೇಷವಾಗಿ ಖರೀದಿಯ ನಿರ್ಧಾರಕ್ಕೆ, ಅದೇ ಸರಿ: ಹಬ್ಬದ ದಿನವನ್ನು ಸೊನ್ನೆ ಎಂದು ಗುರುತಿಸಿ, ಅದಕ್ಕೆ ಮೂರು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ಪ್ರತಿ ವರ್ಷದ ಗೆರೆ ಎಳೆದರೆ ನಿಜವಾದ ಏರಿಳಿತ ಕಾಣುತ್ತದೆ. ಬ್ಯಾಂಕಿಗೆ ಸಲ್ಲಿಸುವ ನಕ್ಷೆಯಲ್ಲಿ ಮಾತ್ರ ಏಪ್ರಿಲ್-ಮಾರ್ಚ್ ತಿಂಗಳುಗಳೇ ಇರತಕ್ಕದ್ದು. ಅಲ್ಲಿನ ಪ್ರತಿಯೊಂದು ಬಿಂದುವೂ ಆ ತಿಂಗಳ ಜಿಎಸ್‌ಟಿ ವಿವರಪಟ್ಟಿಯೊಡನೆ ತಾಳೆಯಾಗಬೇಕು. ಹಬ್ಬದ ಅಕ್ಷಕ್ಕೆ ಅಂತಹ ಆಧಾರವಿಲ್ಲ. ಹಬ್ಬದ ದಿನಾಂಕಗಳನ್ನು ನಕ್ಷೆಯ ಕೆಳಗೆ ಟಿಪ್ಪಣಿಯಾಗಿ ನಮೂದಿಸಿ, ಅಕ್ಟೋಬರ್-ನವೆಂಬರ್ ಒಟ್ಟು ಮತ್ತು ಮಾರ್ಚ್-ಏಪ್ರಿಲ್ ಒಟ್ಟು ಮೊತ್ತಗಳನ್ನು ಎರಡು ಸಾಲುಗಳಲ್ಲಿ ಕೊಡುವುದು ಯೋಗ್ಯ. ಅಧಿಕ ವರ್ಷದ ಫೆಬ್ರವರಿಗೂ ಒಂದು ಮಾತು ಸಾಕು: 2024ರಲ್ಲಿ 29 ದಿನ ತೆರೆದಿದ್ದ ಅಂಗಡಿ 2025ರಲ್ಲಿ 28 ದಿನವಷ್ಟೇ ತೆರೆದಿದ್ದರೆ, ದಿನದ ಸರಾಸರಿ ಒಂದೇ ಇದ್ದರೂ ಸುಮಾರು ಶೇ. 3.4ರಷ್ಟು ಇಳಿಕೆ ತೋರುತ್ತದೆ.

ನಕ್ಷೆ ಸಿದ್ಧಪಡಿಸುವವರು ಸಾಮಾನ್ಯವಾಗಿ ಕಚೇರಿಯ ಕಿರಿಯ ಸಿಬ್ಬಂದಿ. ಅವರ ಮೇಜಿನ ಮೇಲೆ ಈ ವಿಷಯದಲ್ಲಿ ತಂತ್ರಾಂಶದ ಕೈಪಿಡಿಗಿಂತ ಗೋಡೆಯ ಪಂಚಾಂಗ ಹೆಚ್ಚು ಉಪಯುಕ್ತ. 2026ರ ಯುಗಾದಿ ಮಾರ್ಚ್ 19, 2027ರದು ಏಪ್ರಿಲ್ 7. ಅಂದರೆ 2026-27ರ ಗೆರೆಯಲ್ಲಿಯೂ ಯುಗಾದಿ ಇರುವುದಿಲ್ಲ. ಆ ವರ್ಷದ ಅಂದಾಜು ಪತ್ರದಲ್ಲೇ ಈ ಟಿಪ್ಪಣಿ ಸೇರಿರಬೇಕು.